ಎರಡು ದಿನ ಇಟ್ಟುಕೊಂಡು ಬನ್ನಿ

ವಿಜಯಪುರಕ್ಕೆ ಬರುವವರಲ್ಲಿ ಹೆಚ್ಚಿನವರು ಅರ್ಧ ದಿನ ಇಟ್ಟುಕೊಂಡು ಬರುತ್ತಾರೆ. ಗೋಲಗುಮ್ಮಟ ಹತ್ತಿ, ಮೇಲೆ ನಿಂತು ಒಂದು ಕೂಗು ಹಾಕಿ, ಇಳಿದು, ಬಿಸಿಲೇರುವ ಮುಂಚೆ ಬಾದಾಮಿಯ ದಾರಿ ಹಿಡಿಯುತ್ತಾರೆ. ಬೆಂಗಳೂರಿನ ಕಡೆಯ ಪರಿಚಿತರು ಸಿಕ್ಕಾಗ ‘ನಿಮ್ಮೂರು ನೋಡಿದ್ದೇವೆ’ ಎನ್ನುತ್ತಾರೆ. ‘ಮತ್ತೇನೇನ ನೋಡಿದ್ರಿ?’ ಅಂತ ಕೇಳಿದರೆ ಮಾತು ಗುಮ್ಮಟದಲ್ಲೇ ನಿಂತುಬಿಡುತ್ತದೆ. ನನಗೆ ಕಸಿವಿಸಿಯಾಗುತ್ತದೆ. ಅಷ್ಟು ದೂರ ಬಂದವರು ಇನ್ನೊಂದು ರಾತ್ರಿ ಉಳಿದಿದ್ದರೆ ಊರು ಅವರಿಗೆ ಸಿಕ್ಕುತ್ತಿತ್ತು.

ನಾನು ಹೇಳುವುದಿಷ್ಟು: ನಮ್ಮೂರಿಗೆ ಬಂದರೆ ಗುಮ್ಮಟಗಳನ್ನು ಎಣಿಸುತ್ತ ಹೋಗಬೇಡಿ, ನೀರಿನ ಬೆನ್ನು ಹತ್ತಿ ಹೋಗಿ. ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಎರಿ ಭೂಮಿ ಇದು. ಬರಗಾಲದ ಹೆಸರು ಹೇಳಿದರೆ ನಾಡಿನವರಿಗೆಲ್ಲ ಮೊದಲು ನೆನಪಾಗುತ್ತಿದ್ದ ಜಿಲ್ಲೆ. ಇಂಥ ನೆಲದಲ್ಲಿ ಆದಿಲ್‌ಶಾಹಿಗಳು ದೊಡ್ಡ ರಾಜಧಾನಿಯನ್ನೇ ನಡೆಸಿದರು. ಆ ಜನಕ್ಕೆಲ್ಲ ಕುಡಿಯುವ ನೀರು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಒಂದನ್ನು ಇಟ್ಟುಕೊಂಡು ತಿರುಗಿದರೆ ಸಾಕು, ಊರು ತಾನೇ ಬಿಚ್ಚಿಕೊಳ್ಳುತ್ತದೆ.

ಮೊದಲು ತಾಜ್ ಬಾವಡಿಗೆ ಹೋಗಿ. ಊರಿನ ಪಶ್ಚಿಮಕ್ಕೆ, ಮಕ್ಕಾ ದರವಾಜಾದ ಒಳಮಗ್ಗುಲಲ್ಲಿದೆ. ಅಗಲವಾದ ಕಮಾನು, ಅದರ ಎರಡೂ ಬದಿಗೆ ಎಂಟು ಮೂಲೆಯ ಗೋಪುರ. ಕಮಾನಿನೊಳಗೆ ಕಾಲಿಟ್ಟ ಮೇಲೆಯೇ ಅಷ್ಟು ಹೊತ್ತು ಕಾಣದಿದ್ದ ನೀರು ಕಣ್ಣೆದುರು ಬಿಚ್ಚಿಕೊಳ್ಳುವುದು. ಮೆಟ್ಟಿಲು ಎರಡು ಕಡೆಯಿಂದ ಇಳಿಯುತ್ತವೆ. ಸುತ್ತ ದಾರಿಹೋಕರು ತಂಗಲೆಂದು ಕಟ್ಟಿಸಿದ ಕೋಣೆಗಳಿವೆ. ಇದನ್ನು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದರು. ಅದಕ್ಕೂ ಹಿಂದಿನದು ಚಾಂದ್ ಬಾವಡಿ. 1579ರದು, ಚಾಂದ್ ಬೀಬಿಯ ಹೆಸರಿನದು. ವರ್ಷಗಟ್ಟಲೆ ಕಸ, ಹೂಳು ತುಂಬಿಕೊಂಡಿದ್ದ ಈ ಬಾವಡಿಗಳನ್ನು ಕೆಲವು ವರ್ಷಗಳ ಹಿಂದೆ ಸ್ವಚ್ಛ ಮಾಡಿಸಿದರು. ಹೂಳು ತೆಗೆದರೆ ನೀರು ಈಗಲೂ ಬರುತ್ತದೆ ಅನ್ನುವುದನ್ನು ಊರಿನವರು ಕಣ್ಣಾರೆ ಕಂಡರು. ಆ ದಿನಗಳಲ್ಲಿ ಮುದುಕರು ಬಂದು ದಂಡೆಯ ಮೇಲೆ ನಿಂತು ನೋಡುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಬಾವಡಿ ಒಂದೊಂದು ಓಣಿಯ ನೀರು. ಇಡೀ ಊರಿನದು ಬೇರೆ ಏರ್ಪಾಟು. ದಕ್ಷಿಣಕ್ಕೆ ಬೇಗಂ ತಲಾಬ್ ಇದೆ, ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ ಕೆರೆ. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ನೆಲದಾಳದಲ್ಲಿ ಹೂಳಿ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಎತ್ತರದ ಕಲ್ಲುಗೋಪುರಗಳು. ನಮ್ಮಲ್ಲಿ ಅವಕ್ಕೆ ‘ಗಂಜ್’ ಎನ್ನುತ್ತಾರೆ. ಕೊಳವೆಯ ನೀರು ಗಂಜಿನೊಳಗೆ ಮೇಲೇರಿ ನಿಲ್ಲುತ್ತಿತ್ತು, ಒತ್ತಡ ಕಡಿಮೆಯಾಗುತ್ತಿತ್ತು, ಮಣ್ಣು ತಳಕ್ಕೆ ಕೂಡುತ್ತಿತ್ತು, ತಿಳಿನೀರು ಮುಂದೆ ಸಾಗುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ, ನೆಲದ ಇಳಿಜಾರೊಂದೇ. ಊರೊಳಗೆ ಇಂದಿಗೂ ಮನೆಗಳ ನಡುವೆ, ಅಂಗಡಿಗಳ ಹಿಂದೆ ಗಂಜುಗಳು ನಿಂತಿವೆ. ಅವುಗಳ ಮುಂದೊಂದು ಫಲಕ ಹಾಕಿ, ಅದು ಏನು ಕೆಲಸ ಮಾಡುತ್ತಿತ್ತು ಅನ್ನುವುದನ್ನು ಮಕ್ಕಳಿಗೆ ತಿಳಿಯುವಂತೆ ಬರೆಯಬೇಕು. ಗೋಲಗುಮ್ಮಟದಷ್ಟೇ ಅಭಿಮಾನಪಡಬೇಕಾದ ವಸ್ತು ಅದು.

ಹಾಗೆಂದು ಗೋಲಗುಮ್ಮಟ ಬಿಡಿ ಅಂತಲ್ಲ. ಬಾಗಿಲು ತೆರೆದ ಹೊತ್ತಿಗೇ ಹೋಗಿ, ಶಾಲೆಯ ಬಸ್ಸುಗಳು ಬರುವ ಮುಂಚೆ. ರೇಲ್ವೆ ಸ್ಟೇಶನ್ನಿನಿಂದ ಹತ್ತಿರವೇ, ಟಾಂಗಾ ಸಿಕ್ಕರೆ ಟಾಂಗಾದಲ್ಲೇ ಹೋಗಿ. 44 ಮೀಟರ್ ವ್ಯಾಸದ ಗುಮ್ಮಟ, ಒಳಗೆ ಒಂದು ಕಂಬವೂ ಇಲ್ಲ. ಮೊದಲು ಕೆಳಗೆ, ಗೋರಿಗಳ ಪಕ್ಕದಲ್ಲಿ ನಿಂತು ತಲೆ ಎತ್ತಿ ನೋಡಿ: ಚೌಕದ ಗೋಡೆಗಳಿಂದೆದ್ದ ಕಮಾನುಗಳು ಒಂದನ್ನೊಂದು ಹಾಯ್ದು, ಚೌಕವನ್ನು ಮೆಲ್ಲಗೆ ಎಂಟು ಮೂಲೆಗೆ, ಎಂಟು ಮೂಲೆಯನ್ನು ದುಂಡಗೆ ತಿರುಗಿಸಿ, ಅಷ್ಟು ಭಾರವನ್ನು ಗೋಡೆಗೆ ಇಳಿಸಿವೆ. ಆಮೇಲೆ ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ. ಮೇಲೆ ಹೋಗಿ ಚೀರಬೇಡಿ. ಗೋಡೆಗೆ ಕಿವಿ ಹಚ್ಚಿ ಕೂತು, ನಿಮ್ಮ ಜತೆಗೆ ಬಂದವರನ್ನು ಎದುರು ಬದಿಗೆ ಕಳಿಸಿ, ಪಿಸುಮಾತಿನಲ್ಲಿ ಹೆಸರು ಕರೆಯಲು ಹೇಳಿ. ಆ ದನಿ ಅಷ್ಟು ದೂರದಿಂದ ಗೋಡೆ ಹಿಡಿದು ಬಂದು ಕಿವಿಯಲ್ಲೇ ಆಡಿದಂತೆ ಕೇಳುತ್ತದೆ. ಕಾಗದ ಮಡಚಿದ ಸಪ್ಪಳವೂ ದಾಟಿ ಬರುತ್ತದೆ. ಕೂಗಾಟದ ನಡುವೆ ಇದಾವುದೂ ಸಿಕ್ಕುವುದಿಲ್ಲ.

ಮಲಿಕ್-ಎ-ಮೈದಾನ ತೋಪು, ಉಪಲಿ ಬುರುಜು ಒಂದೇ ಮಗ್ಗುಲಲ್ಲಿವೆ. ಒಂದು ತಾಸು ಸಾಕು. 55 ಟನ್ ತೂಗುವ ಆ ತೋಪನ್ನು 1854ರಲ್ಲಿ ಹರಾಜಿಗೆ ಇಟ್ಟು 150 ರೂಪಾಯಿಗೆ ಕೊಟ್ಟಿದ್ದರು. ಆಮೇಲೆ ಆ ಹರಾಜು ರದ್ದಾಯಿತು, ತೋಪು ಉಳಿಯಿತು. ಬಾರಾ ಕಮಾನಿಗೆ ಸಂಜೆ ಹೋಗಿ.

ನನ್ನ ಮನಸ್ಸು ಕೇಳಿದರೆ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಬ್ರಾಹಿಂ ರೋಜಾಕ್ಕೆ. ಒಂದೇ ಕಟ್ಟೆಯ ಮೇಲೆ ಒಂದು ಕಡೆ ಗೋರಿ, ಎದುರಿಗೆ ಮಸೀದಿ, ನಡುವೆ ನೀರಿನ ಹೊಂಡ. ಇಲ್ಲೂ ನೀರೇ. ಗೋಡೆಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ನಿಲ್ಲಿ. ಕಿಟಕಿಗಳ ಮೇಲಿನ ಕಲ್ಲಿನ ಜಾಲರಿ ನೋಡಿ: ಅದು ಬಳ್ಳಿಯಲ್ಲ, ಹೂವಲ್ಲ, ಅರಬೀ ಅಕ್ಷರ. ಅಕ್ಷರಗಳನ್ನು ಉಳಿಸಿ ನಡುವಿನ ಕಲ್ಲನ್ನಷ್ಟೇ ಕೊರೆದು ತೆಗೆದಿದ್ದಾರೆ. ಒಳಗಿನ ಗೋರಿಗೆ ಬೆಳಕು ಬರುವುದು ಆ ಸಂದಿನಿಂದ. ಕೈ ಒಂದು ಸಲ ತಪ್ಪಿದ್ದರೆ ಇಡೀ ಸಾಲು ಹೋಗುತ್ತಿತ್ತು. ಹಾಗೆ ಕೊರೆದವರ ಹೆಸರು ನಮಗೆ ಉಳಿದಿಲ್ಲ, ಕಟ್ಟಿಸಿದ ಮಲಿಕ್ ಸಂದಲ್‌ನ ಹೆಸರು ಮಾತ್ರ ಬರಹದಲ್ಲಿದೆ. ಒಳಗೆ ಮಲಗಿರುವ ಎರಡನೆಯ ಇಬ್ರಾಹಿಂ ಸ್ವತಃ ಹಾಡುಗಾರ. ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದು ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಇಂಥವನು ಆಳಿದ ಊರು ನಮ್ಮದು ಎಂದು ಹೇಳುವಾಗ ನನಗೆ ಎದೆ ತುಂಬುತ್ತದೆ.

ಇಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ದೊಡ್ಡ ಹೋಟೆಲ್ಲಿನ ಊಟ ಎಲ್ಲ ಊರಲ್ಲೂ ಸಿಗುತ್ತದೆ, ನೀವು ಖಾನಾವಳಿಗೆ ಹೋಗಿ. ಅಡುಗೆಮನೆ ಕಾಣುವಂಥ ಜಾಗ ಹಿಡಿದು ಕೂಡಿ. ಬಿಳಿಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಅಕ್ಕೋರು ರೊಟ್ಟಿ ಬಡಿಯುವಾಗ ಬಳೆಯ ಸಪ್ಪಳ ಅಂಗೈ ಸಪ್ಪಳದ ಜತೆಗೇ ಬರುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೈಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿಹಾಕಿ, ಉಬ್ಬಿದೊಡನೆ ತಾಟಿಗೆ. ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು, ಹಸಿ ಮೆಂತೆ ತಪ್ಪಲು, ಉಳ್ಳಾಗಡ್ಡಿ. ಎರಡು ರೊಟ್ಟಿಗೆ ಕೈ ತಡೆದರೆ ಅಕ್ಕೋರು ಬಿಡುವುದಿಲ್ಲ.

‘ಇನ್ನೊಂದ ಹಾಕ್ತೀನ್ರಿ ಅಣ್ಣಾರ, ದೂರಿಂದ ಬಂದೀರಿ.’

‘ಸಾಕ್ರಿ ಯಕ್ಕಾ, ಹೊಟ್ಟಿ ತುಂಬೇತಿ.’

‘ಜ್ವಾಳದ ರೊಟ್ಟಿ ಏನೂ ಮಾಡಂಗಿಲ್ಲ, ತಿನ್ರಿ.’

ಈ ಜೋಳ ಡೋಣಿ ಸಾಲಿನದು. ಡೋಣಿ ನದಿಯ ನೀರು ಉಪ್ಪು, ಕುಡಿಯಲು ಬಾರದು. ಆದರೆ ಅದರ ದಂಡೆಯ ಕರಿಮಣ್ಣು ಹಿಂಗಾರಿ ಮಳೆಯ ಹಸಿಯನ್ನೇ ಹಿಡಿದಿಟ್ಟುಕೊಂಡು ಕಾಳು ಕಟ್ಟಿಸುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ನಮ್ಮಲ್ಲಿದೆ.

ಎರಡನೆಯ ದಿನ ಅರ್ಧ ತಾಸು ಬಿಡುವು ಮಾಡಿಕೊಂಡು ಫ.ಗು. ಹಳಕಟ್ಟಿಯವರ ಹೆಸರಿನ ಸಂಶೋಧನಾ ಕೇಂದ್ರಕ್ಕೆ ಹೋಗಿಬನ್ನಿ. ಈ ಊರಿನಲ್ಲಿ ವಕೀಲಿಕೆ ಮಾಡುತ್ತ ಹಳ್ಳಿಹಳ್ಳಿಯಿಂದ ತಾಡೋಲೆ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದವರು. ಮುದ್ರಣಕ್ಕಾಗಿ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ವಚನಗಳು ಇವತ್ತು ಕನ್ನಡಿಗರ ಬಾಯಲ್ಲಿ ಇರುವುದಕ್ಕೆ ನಮ್ಮೂರಿನ ಈ ಮನುಷ್ಯನ ಋಣ ದೊಡ್ಡದು. ಗುಮ್ಮಟ ನೋಡಿ ಹೋಗುವ ಕನ್ನಡಿಗರು ಇಲ್ಲಿಗೆ ಬರದೆ ಹೋಗುವುದು ನನಗೆ ಇನ್ನೂ ಹೆಚ್ಚು ನೋವಿನ ಸಂಗತಿ.

ಯಾವಾಗ ಬರಬೇಕು ಅಂದರೆ, ಏಪ್ರಿಲ್ ಮೇ ಬೇಡ. ಕಲ್ಲು ಕಾದು ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಸಂಕ್ರಾಂತಿಗೆ ಬಂದರೆ ಸಿದ್ಧೇಶ್ವರ ಜಾತ್ರೆ, ನಂದಿಕೋಲಿನ ಮೆರವಣಿಗೆ, ದನದ ಸಂತೆ ಸಿಗುತ್ತವೆ. ಆದರೆ ವಸತಿಗೆ ಕೋಣೆ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ಎಳ್ಳಮವಾಸ್ಯೆಯ ಆಸುಪಾಸಿನಲ್ಲಿ ಬನ್ನಿ. ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬನ್ನಿಗಿಡದ ನೆರಳಿಗೆ ಕೂತು ಊಟ ಮಾಡುತ್ತೇವೆ. ಆಮೇಲೆ ಹಸಿ ತೆನೆ ಸುಟ್ಟು ಸೀತನಿ ಮಾಡುವ ದಿನಗಳೂ ಬರುತ್ತವೆ. ಪರಿಚಯದವರು ಯಾರೂ ಇಲ್ಲವೆಂದು ಹಿಂಜರಿಯಬೇಡಿ. ತೊರವಿಯ ಕಡೆ ಹೊರಡಿ. ನರಸಿಂಹನ ಗುಡಿ ಇದೆ, ‘ತೊರವೆ ರಾಮಾಯಣ’ ಹುಟ್ಟಿದ ಊರು ಅದು. ಪಕ್ಕದಲ್ಲೇ ಇಬ್ರಾಹಿಂ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಪಾಳುಗೋಡೆಗಳಿವೆ. ಅಲ್ಲಿಯ ಸಂಗೀತಮಹಲು ನೋಡಿಕೊಂಡು ಬರುವ ದಾರಿಯಲ್ಲಿ ಹೊಲದವರು ಯಾರಾದರೂ ಕೈ ಬೀಸಿ ಊಟಕ್ಕೆ ಕರೆಯುತ್ತಾರೆ. ಕರೆದರೆ ಹೋಗಿ ಕೂಡಿ.