ಹೊಳೆಗಲ್ಲಿನ ಹುಟ್ಟೂರು

ಹಾವೇರಿ ಸೀಮೆಯಲ್ಲಿ ಅಪರಿಚಿತರು ಎದುರಾದರೆ ಹೆಸರಿಗಿಂತ ಮೊದಲು ಕೇಳುವುದು ‘ಯಾವೂರ್ರಿ ನಿಮ್ದು?’ ಎಂದು. ಹೊಳೆಯಲ್ಲಿ ಸಿಕ್ಕ ವಿಚಿತ್ರ ಕಲ್ಲನ್ನು ಗುರುತಿಸುವ ವಿದ್ಯೆಯೂ ಇದೇ ರೂಢಿಯನ್ನು ಅನುಸರಿಸುತ್ತದೆ. ಇದೇ ಸೀಮೆಯ ಮೋಟೆಬೆನ್ನೂರಿನ ಸುತ್ತಿನ ನಾಡನ್ನು ಬಡಗಲಲ್ಲಿ ವರದೆ, ತೆಂಕಲಲ್ಲಿ ಕುಮುದ್ವತಿ, ಮೂಡಲಲ್ಲಿ ತುಂಗಭದ್ರೆ ಬಳಸಿ ಹರಿಯುತ್ತವೆ. ವರದೆ ಗಳಗನಾಥದಲ್ಲಿಯೂ ಕುಮುದ್ವತಿ ಮುದೇನೂರಿನ ಬಳಿಯೂ ತುಂಗಭದ್ರೆಯನ್ನು ಕೂಡುವುದರಿಂದ, ದೊಡ್ಡ ಹೊಳೆಯ ಪಾತ್ರದ ಒಂದು ಬುಟ್ಟಿ ಕಲ್ಲಿನಲ್ಲಿ ಮೇಲುಸೀಮೆಯ ಹಲವು ಊರುಗಳವು ಸಂತೆಯಲ್ಲಿಯಂತೆ ಒಟ್ಟುಗೂಡಿರುತ್ತವೆ.

ಈ ಸಂತೆಯಲ್ಲಿ ಪರಸ್ಥಳದ್ದು ಯಾವುದೆಂದು ತಿಳಿಯಬೇಕಾದರೆ ಸ್ವಸ್ಥಳದ್ದರ ಪರಿಚಯವಿರಬೇಕು. ಇಲ್ಲಿನ ನೆಲದಡಿ ಹರಡಿರುವ ಮುಖ್ಯ ಶಿಲೆ ಗ್ರೇವ್ಯಾಕ್, ಅಂದರೆ 250 ಕೋಟಿ ವರ್ಷಗಳಿಗೂ ಹಿಂದೆ ನೀರಿನಡಿ ಮರಳೂ ಕೆಸರೂ ಬೆರೆತು ಗಟ್ಟಿಯಾದ ಬೂದುಗಲ್ಲು. ಧಾರವಾಡ ಶಿಲಾಸಮೂಹದ ಈ ಭಾಗಕ್ಕೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಊರಿನ ಹೆಸರು ಹೊತ್ತ ಈ ಕಲ್ಲನ್ನು ಯಾರೂ ಆಯ್ದು ಮನೆಗೆ ಒಯ್ಯುವುದಿಲ್ಲ. ಕಣ್ಣು ಹೋಗುವುದು ಬಿಳಿಯ ಬೆಣಚುಕಲ್ಲಿನ ಮೇಲೆ, ಕೆಂಪು ಕಪ್ಪು ಪಟ್ಟೆಗಳ ಕಬ್ಬಿಣಗಲ್ಲಿನ ಮೇಲೆ.

ನೀರಲ್ಲಿ ಮಿನುಗಿದ ಬಣ್ಣ ಒಣಗಿದೊಡನೆ ಮಂಕಾಗುವುದರಿಂದ ಬಣ್ಣದ ಸಾಕ್ಷ್ಯಕ್ಕೆ ಬೆಲೆ ಕಡಿಮೆ. ಗಡಸುತನ ಹೆಚ್ಚು ನಂಬಿಕೆಗೆ ಅರ್ಹವಾದುದು. 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ ಹತ್ತು ಮೆಟ್ಟಿಲುಗಳ ಮಾಪಕದಲ್ಲಿ 7ನೆಯದಾದ ಬೆಣಚು ಚಾಕುವಿಗೆ ಜಗ್ಗದು, 3ನೆಯದಾದ ಕ್ಯಾಲ್ಸೈಟ್ ಎಂಬ ಸುಣ್ಣದ ಹರಳಿಗೆ ಸುಲಭವಾಗಿ ಗೀರುಬೀಳುತ್ತದೆ, ಬಳಪದ ಕಲ್ಲಿಗೆ ಉಗುರೇ ಸಾಕು. ಪಿಂಗಾಣಿ ಬಿಲ್ಲೆಯ ಹೊಳಪಿಲ್ಲದ ಬೆನ್ನಿಗೆ ಉಜ್ಜಿದಾಗ ಹೆಮಟೈಟ್ ಎಂಬ ಕಬ್ಬಿಣದ ಅದಿರು ಕೆಂಪು ಗೆರೆ ಬರೆದರೆ, ಮ್ಯಾಗ್ನೆಟೈಟ್ ಕಪ್ಪು ಗೆರೆ ಬರೆದು ಅಯಸ್ಕಾಂತಕ್ಕೂ ಅಂಟುತ್ತದೆ. ಇನ್ನು ಅಂಚುಗಳು ಸವೆದಷ್ಟೂ ಪ್ರಯಾಣ ದೀರ್ಘವೆಂದು ಸಾಮಾನ್ಯವಾಗಿ ಊಹಿಸಬಹುದಾದರೂ, ಮೆದುಗಲ್ಲು ಅಲ್ಪ ದಾರಿಯಲ್ಲಿಯೇ ಗುಂಡಗಾಗುತ್ತದೆಂಬುದನ್ನು ಮರೆಯಬಾರದು.

ನೀರು ಮಾಡದ ನುಣುಪೂ ಒಂದುಂಟು. ಇದೇ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನ ನವಶಿಲಾಯುಗದಿಂದ ಕಬ್ಬಿಣಯುಗದವರೆಗಿನ ನೆಲೆಯನ್ನು ಬೆಳಕಿಗೆ ತಂದಿತು. ನವಶಿಲಾಯುಗದವರು ಡಾಲರೈಟ್ ಎಂಬ ಕರಿಕಲ್ಲನ್ನು ಚಕ್ಕೆಯೆಬ್ಬಿಸಿ, ಕುಟ್ಟಿ, ಮಸೆದು ಕೊಡಲಿ ಮಾಡುತ್ತಿದ್ದರು. ಹೊಳೆ ಕಲ್ಲನ್ನು ಎಲ್ಲ ಕಡೆಯಿಂದಲೂ ಸವೆಸುತ್ತದೆ. ಕೈ ಮಾತ್ರ ಎರಡು ಮುಖಗಳನ್ನು ಒಂದು ಬಾಯಿಯಲ್ಲಿ ಕೂಡಿಸುತ್ತದೆ. ಹಾಗೆಯೇ ಗುಳಿಗುಳಿಯಾದ ಭಾರದ ಕಪ್ಪು ಗಟ್ಟಿಯನ್ನು ಉಲ್ಕೆಯೆಂದು ಸಂಭ್ರಮಿಸುವ ಮೊದಲು, ಅದು ಕುಲುಮೆಯ ಕಿಟ್ಟ, ಅಂದರೆ ಕಬ್ಬಿಣ ಕರಗಿಸಿದಾಗ ಉಳಿದ ಕಶ್ಮಲ, ಇರಬಹುದೇ ಎಂದು ನೋಡಬೇಕು.

ಹಳ್ಳೂರಿನ ಕಲ್ಲುಗಳು ಮಾತಾಡಿದ್ದು ಯಾವ ಪದರದಲ್ಲಿ, ಯಾವುದರ ಜೊತೆ ಇದ್ದವೆಂಬುದು ದಾಖಲಾದುದರಿಂದ. ಹೆಸರನ್ನು ಗೀರಿ, ಉಜ್ಜಿ, ಬಲ್ಲವರನ್ನು ಕೇಳಿ ನಾಳೆಯೂ ಪಡೆಯಬಹುದು. ಎತ್ತಿದ ಜಾಗವನ್ನು ಚೀಟಿಯಲ್ಲಿ ಅಂದೇ ಬರೆದಿಡದಿದ್ದರೆ ಕಪಾಟಿನ ಕೊಡಲಿಯೂ ಊರಿಲ್ಲದ ಕರಿಕಲ್ಲಾಗಿ ಉಳಿಯುತ್ತದೆ.