ಗಾಳಿ ಬೆಳಕಿನ ಮನೆ

"ಗಾಳಿ ಬೆಳಕು ಭಾಳ ಚಲೋ ಐತ್ರೀ ಸರ" ಎಂದು ನಮ್ಮ ಗೋಕಾಕದ ಮನೆ ಮಾಲೀಕರು ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಬೆಳಕು ಬೆಳಕಿಂಡಿಯಿಂದ ಬರುತ್ತಿತ್ತು. ಗಾಳಿಗೆ ಅಂಥ ನಿರ್ಬಂಧವಿರಲಿಲ್ಲ; ಹಂಚಿನ ಸಂದಿ, ಕಿಟಕಿಯ ಚೌಕಟ್ಟು, ಕದದ ಅಡಿ, ಎಲ್ಲಿಂದ ಬೇಕಾದರೂ ಬರುತ್ತಿತ್ತು. ಘಟಪ್ರಭೆ ದಂಡೆಯ ಚಳಿಗೆ ನಮ್ಮ ಮನೆ ಬಿಟ್ಟಿ ಛತ್ರ.

ಗಾಳಿ ನುಗ್ಗುವ ಜಾಗ ಹುಡುಕಲು ನಾನು ಊದಿನಕಡ್ಡಿ ಹಚ್ಚಿಕೊಂಡು ಕೋಣೆಕೋಣೆ ಸುತ್ತುತ್ತಿದ್ದೆ. ಹೊಗೆ ಎಲ್ಲಿ ಸೊಟ್ಟಗೆ ಓಡುತ್ತದೋ ಅಲ್ಲಿ ಸಂದಿ ಇದೆ ಎಂದರ್ಥ. ಬಾಡಿಗೆ ಕೇಳಲು ಬಂದ ಮಾಲೀಕರು ಇದನ್ನು ನೋಡಿ, "ಭಾಳ ದೈವಭಕ್ತರು ಬಿಡ್ರಿ" ಎಂದು ಕೈಮುಗಿದರು. ಆದರೆ ಹಾಗೆ ಸಿಕ್ಕ ಸಂದಿಗೆ ಪರದೆ ಕಟ್ಟೋಣವೆಂದರೆ ಅವರದು ಒಂದೇ ಮಾತು: "ಗ್ವಾಡಿಗಿ ಮಳಿ ಹೊಡಿಬ್ಯಾಡ್ರಿ." ಹೀಗಾಗಿ ಕಿಟಕಿಯ ಸರಳಿನಿಂದ ಸರಳಿಗೆ ಹಗ್ಗ ಬಿಗಿದು ಗೋಣಿಚೀಲ ನೇತುಹಾಕಿದೆವು. ಒಲೆಯ ಬಿಸಿ ಹಂಚಿನ ಸಂದಿಯಿಂದ ಮೇಲೆ ಹೋದಷ್ಟೂ ಕದದ ಅಡಿಯಿಂದ ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಅದಕ್ಕೆ ನನ್ನ ಹಳೆ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಉಸುಕು ತುಂಬಿ, ಎರಡೂ ಬಾಯಿ ಹೊಲಿದು ಹೊಸ್ತಿಲಿಗೆ ಅಡ್ಡ ಇಟ್ಟೆವು. ರಾತ್ರಿ ಬಂದ ನೆಂಟರೊಬ್ಬರು ಯಾರೋ ಮಲಗಿದ್ದಾರೆಂದು ಕಾಲೆತ್ತಿ ಮೆಲ್ಲಗೆ ದಾಟಿ ಬಂದರು.

ನೀರಿನ ಬಲದಿಂದ 1887ರಲ್ಲೇ ಹತ್ತಿ ಗಿರಣಿ ಓಡಿಸಿದ ಊರಿನಲ್ಲಿ ಕುಳಿತು ಕರೆಂಟಿಗೆ ಹೆದರಬಾರದು, ನಿಜ. ಆದರೆ 2000 ವ್ಯಾಟಿನ ಹೀಟರು ಗಂಟೆಗೆ 2 ಯೂನಿಟ್ ನುಂಗುತ್ತದೆ. ಹುಕ್ಕೇರಿ ಕಡೆಯ ನನ್ನ ಸೋದರಮಾವ, 1969ರಲ್ಲಿ ಶುರುವಾದ ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಹೆಸರು ಹೇಳಿ, "ನಮ್ಮ ಸಂಘದ ಕರೆಂಟ್ ಲೇ ಇದು" ಎಂದು ಎದೆಯುಬ್ಬಿಸುತ್ತಾನೆ. ಸಂಘ ನಮ್ಮದಾದರೂ ಮೀಟರು ಯಾರಿಗೂ ಬೀಗನಲ್ಲ. ಚಳಿಗಾಲದಲ್ಲಿ ಮಾವ ಹೊದೆಯುವುದೂ ಕಂಬಳಿಯನ್ನೇ. ಇದ್ದಿಲ ಅಗ್ಗಿಷ್ಟಿಕೆಯ ಮಾತು ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದು ಬಿಡುವ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದೂ ಇಲ್ಲ.

ಕಂಬಳಿ ಬೇಕೆಂದರೆ ಮೂಡಲಗಿ ಕಡೆಯ ಕುರುಬರು ನೇಯ್ದದ್ದೇ ಆಗಬೇಕು. ಹುಣಸೆಬೀಜದ ಗಂಜಿ ಕುಡಿದ ಹೊಸ ಕಂಬಳಿ ತಗಡಿನಷ್ಟು ಸೆಟೆದಿರುತ್ತದೆ, ಚುಚ್ಚುತ್ತದೆ, ಕುರಿಯ ವಾಸನೆಯನ್ನೂ ಬಿಡುವುದಿಲ್ಲ. ಒಂದೆರಡು ಚಳಿಗಾಲ ಕಳೆದ ಮೇಲೆ ಪಳಗುತ್ತದೆ. ನಾವು ಅದನ್ನು ಕೆಳಗೆ ಹಾಸುತ್ತಿದ್ದೆವು; ಚಳಿ ಮೇಲಿನಿಂದ ಬರುವುದಕ್ಕಿಂತ ಕಡಪಾ ಕಲ್ಲಿನ ನೆಲದಿಂದ ಏರುವುದೇ ಹೆಚ್ಚು.

ಮೇಲೆ ಹೊದೆಯಲು ಅವ್ವನ ಕೌದಿ. ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಹರವಿಕೊಂಡು, ಅಂಚಿನಿಂದ ಶುರುಮಾಡಿ ಒಳಗೊಳಗೆ ಸಾಲು ಹಾಕುತ್ತ ಹೊಲಿಯುತ್ತಿದ್ದಳು. ಮೇಲೆ ಇಳಕಲ್ ಸೀರೆ, ಒಳಗೆ ಅಪ್ಪನ ಧೋತರ, ನಡುವೆ ನನ್ನ ಸಾಲೆಯ ಖಾಕಿ ಚಡ್ಡಿ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಬೆಚ್ಚಗಿಡುವುದು. ನಮ್ಮ ಮನೆಯಲ್ಲಿ ಗಾಳಿಯಿಂದ ಆದ ಉಪಕಾರ ಅದೊಂದೇ. ಕತ್ತಲಲ್ಲಿ ಕೈಯಾಡಿಸಿದರೂ ಯಾವ ಬಟ್ಟೆ ಯಾರದೆಂದು ತಿಳಿಯುತ್ತದೆ. ಅವ್ವ ಈಗಿಲ್ಲ, ಸೀರೆ ಮಾತ್ರ ಇನ್ನೂ ದುಡಿಯುತ್ತಿದೆ.

ನಮ್ಮ ಕಡೆ ಮಜೂರಿಗೆ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಮನೆಯಲ್ಲಿ ಹಳೆಯ ಹತ್ತಿ ಸೀರೆಗಳಿದ್ದರೆ ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತಗೋಬೇಡಿ, ಇವರ ಕೈಗೆ ಕೊಡಿ. ಮಜೂರಿಯಲ್ಲಿ ಚೌಕಾಸಿಯನ್ನೂ ಮಾಡಬೇಡಿ.