ಅನಾನಸ್ ಅನ್ನ ಮತ್ತು ನನ್ನ ಆರನೆಯ ಪಾಠ

ಅಭ್ಯಾಸ ಬೋಧನೆಗೆಂದು ನನಗೆ ಹಂಚಿಕೆಯಾಗಿದ್ದು ಊರಂಚಿನ ಒಂದು ಹಿರಿಯ ಪ್ರಾಥಮಿಕ ಶಾಲೆ. ಏಳನೆಯ ತರಗತಿಗೆ ವಿಜ್ಞಾನ. ಮೊದಲ ಐದು ಪಾಠಗಳು ಹೇಗೋ ಮುಗಿದಿದ್ದವು. ಆರನೆಯದು ‘ಭೌತ ಮತ್ತು ರಾಸಾಯನಿಕ ಬದಲಾವಣೆಗಳು’. ಪಾಠಯೋಜನೆಯನ್ನು ಎರಡು ಸಲ ತಿದ್ದಿ ಬರೆದಿದ್ದೆ. ಬೋಧನಾಂಶ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ, ನಿರೀಕ್ಷಿತ ಉತ್ತರ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ ಎಂದು ಎಲ್ಲ ಅಂಕಣಗಳೂ ತುಂಬಿದ್ದವು. ಒಂದು ಸಾಲೂ ಖಾಲಿ ಉಳಿದಿರಲಿಲ್ಲ. ಆ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಪಾಠದ ನಡುವೆ ನಾನು ಕೇಳಿದ ಪ್ರಶ್ನೆ ಇದು: “ಅಕ್ಕಿ ಬೆಂದು ಅನ್ನವಾಯಿತು. ಇನ್ನು ಅದು ಬದಲಾಗುತ್ತದೆಯೇ?” ನಿರೀಕ್ಷಿತ ಉತ್ತರದ ಅಂಕಣದಲ್ಲಿ ನಾನು ಬರೆದುಕೊಂಡಿದ್ದು, “ಇಲ್ಲ ಸರ್, ಅದು ಮತ್ತೆ ಅಕ್ಕಿಯಾಗುವುದಿಲ್ಲ.” ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿದಳು. “ಬದಲಾಗುತ್ತೆ ಸರ್. ರಾತ್ರಿ ಮೆತ್ತಗಿದ್ದ ಅನ್ನ ಬೆಳಿಗ್ಗೆ ಗಟ್ಟಿ ಆಗಿರುತ್ತೆ. ಅದಕ್ಕೇ ತಂಗಳನ್ನದಲ್ಲಿ ಚಿತ್ರಾನ್ನ ಮಾಡಿದರೆ ಉದುರುದುರಾಗಿ ಬರುತ್ತೆ. ಬಿಸಿ ಅನ್ನದಲ್ಲಿ ಮಾಡಿದರೆ ಮುದ್ದೆ ಆಗುತ್ತೆ.”

ಹಿಂದಿನ ಬೆಂಚಿನಿಂದ ಯಾರೋ “ತಂಗಳು!” ಎಂದರು. ತರಗತಿಯ ಅರ್ಧದಷ್ಟು ಮಕ್ಕಳು ನಕ್ಕರು. ನನ್ನ ಗಮನವೆಲ್ಲ ಗಡಿಯಾರದ ಮೇಲಿತ್ತು. ಮೌಲ್ಯಮಾಪನದ ಪ್ರಶ್ನೆಗಳು ಇನ್ನೂ ಬಾಕಿ, ಕೊನೆಯ ಬೆಂಚಿನಲ್ಲಿ ಮಾರ್ಗದರ್ಶಕರು ಕುಳಿತಿದ್ದಾರೆ. “ಅದು ಈ ಪಾಠಕ್ಕೆ ಸಂಬಂಧಪಟ್ಟದ್ದಲ್ಲ, ಕುಳಿತುಕೊಳ್ಳಮ್ಮ” ಎಂದೆ. ಪಕ್ಕದ ಸಾಲಿನವನು ನನಗೆ ಬೇಕಾದ ಉತ್ತರ ಹೇಳಿದ. “ಉತ್ತಮ” ಎಂದು ಮುಂದೆ ಹೋದೆ. ವೀಕ್ಷಣಾ ಪುಸ್ತಕದಲ್ಲಿ ಅಂದು ನನಗೆ ಸಿಕ್ಕ ಟಿಪ್ಪಣಿ: “ಸಮಯಪಾಲನೆ ಚೆನ್ನಾಗಿದೆ. ಪ್ರಶ್ನೆಗಳ ಹಂಚಿಕೆ ಸಮಾಧಾನಕರ.” ಅದನ್ನು ಓದಿ ಖುಷಿಯಿಂದ ಮನೆಗೆ ಬಂದೆ.

ಆ ವಾರ ಅಮ್ಮ ಅಜ್ಜಿಯ ಆರೈಕೆಗೆಂದು ಊರಿಗೆ ಹೋಗಿದ್ದರು. ಮನೆಯಲ್ಲಿ ಅಪ್ಪ, ಪಿ.ಯು.ಸಿ. ಓದುವ ತಂಗಿ ಮತ್ತು ನಾನು. ಚಪಾತಿ, ಸಾಗು ಮಾಡುವುದು ತಂಗಿಗೆ ಗೊತ್ತಿತ್ತು. ಭಾನುವಾರ ಅವಳು, “ಜೊತೆಗೆ ನಂಚಿಕೊಳ್ಳುವ ಹಾಗೆ ಏನಾದರೂ ಬೇರೆ ಮಾಡೋಣ, ಅನಾನಸ್ ಹಾಕಿದ ಫ್ರೈಡ್ ರೈಸ್” ಎಂದಳು. ಥಾಯ್ಲೆಂಡಿನಲ್ಲಿ ಇದು ಹೆಸರಾದ ತಿನಿಸು. ಅನಾನಸ್, ಗೋಡಂಬಿ, ಒಣದ್ರಾಕ್ಷಿ, ಕೆಲವೊಮ್ಮೆ ಕರಿ ಪುಡಿ ಹಾಕಿ ಅನ್ನವನ್ನು ಹುರಿಯುತ್ತಾರೆ. ಹೋಟೆಲುಗಳಲ್ಲಿ ಹಣ್ಣಿನ ತಿರುಳು ತೆಗೆದ ಚಿಪ್ಪಿನಲ್ಲೇ ತುಂಬಿ ಕೊಡುವುದೂ ಉಂಟು. ಅಲ್ಲಿ ಉಪ್ಪಿನ ರುಚಿಗೆ ಮೀನಿನ ಸಾಸ್ ಬಳಸುತ್ತಾರೆ. ನಮ್ಮ ಮನೆಗೆ ಅದು ಆಗದು. ಅದರ ಬದಲು ಕೊಬ್ಬರಿ ಎಣ್ಣೆ, ಕಾಯಿತುರಿ, ಶುಂಠಿ, ಹಸಿಮೆಣಸು, ನಿಂಬೆರಸ ಎಂದು ನಿರ್ಧರಿಸಿದೆವು. ಅನ್ನದ ಜವಾಬ್ದಾರಿ ನನ್ನದು.

ಅಡುಗೆಯಲ್ಲಿ ನನಗೆ ಅನುಭವ ಕಡಿಮೆ, ಆತ್ಮವಿಶ್ವಾಸ ಹೆಚ್ಚು. ಸೋನಾ ಮಸೂರಿ ಅಕ್ಕಿ 2 ಲೋಟ, ನೀರು 4 ಲೋಟ, ಕುಕ್ಕರಿನಲ್ಲಿ 3 ವಿಷಲ್. ಮುಚ್ಚಳ ತೆಗೆದ ಕೂಡಲೇ ಹಬೆಯಾಡುವ ಅನ್ನವನ್ನು ಅಷ್ಟಕ್ಕಷ್ಟೂ ಬಾಣಲೆಗೆ ಸುರಿದೆ. ಅದರ ಮೇಲೆ ರಸ ಸಮೇತ ಅನಾನಸ್ ಹೋಳು, ಮೇಲೆ ಕಾಯಿತುರಿ. ಸೌಟಿನಿಂದ ತಿರುವಿದಷ್ಟೂ ಅನ್ನ ಅಂಟಿಕೊಂಡಿತು. ಹುರಿಯುವ ಚಟಪಟ ಸದ್ದೇ ಇಲ್ಲ, ಬರೀ ಕುದಿಯುವ ಸದ್ದು. ಹತ್ತು ನಿಮಿಷದಲ್ಲಿ ಬಾಣಲೆಯಲ್ಲಿ ಹಳದಿ ಮುದ್ದೆಯೊಂದು ಕುಳಿತಿತ್ತು. ತಂಗಿ, “ಇದಕ್ಕೆ ಬೆಲ್ಲ ಹಾಕಿದರೆ ಪಾಯಸ ಆಗುತ್ತೆ” ಎಂದಳು. ಅಪ್ಪ ಏನೂ ಹೇಳದೆ ಚಪಾತಿ, ಸಾಗು ಮಾತ್ರ ಊಟ ಮಾಡಿ ಎದ್ದರು.

ಬಾಣಲೆಯ ತಳ ಉಜ್ಜುತ್ತಿರುವಾಗ ಆ ಹುಡುಗಿಯ ಮಾತು ನೆನಪಾಯಿತು. “ಬಿಸಿ ಅನ್ನದಲ್ಲಿ ಮಾಡಿದರೆ ಮುದ್ದೆ ಆಗುತ್ತೆ.” ನನಗೆ ಮೊದಲೇ ಹೇಳಿದ್ದಳು. ಅವಳು ಬಹುಶಃ ಮನೆಯಲ್ಲಿ ಬೆಳಿಗ್ಗೆ ತಾನೇ ಒಗ್ಗರಣೆ ಹಾಕಿ ಶಾಲೆಗೆ ಬರುವವಳು. ಬಿ.ಎಡ್. ಓದುತ್ತಿರುವ ನಾನು ಅವಳನ್ನು ಕೂರಿಸಿದ್ದೆ. ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ಮಕ್ಕಳು ನಕ್ಕದ್ದು ಉತ್ತರ ತಪ್ಪೆಂದು ಅಲ್ಲ. ತಂಗಳನ್ನ ತಿನ್ನುವ ಮನೆಯವಳು ಎಂದು ನಕ್ಕಿದ್ದರು. “ಪಾಠಕ್ಕೆ ಸಂಬಂಧವಿಲ್ಲ” ಎಂಬ ನನ್ನ ಮಾತು ಆ ನಗುವಿಗೆ ಮೊಹರು ಒತ್ತಿತ್ತು. ಮರುವಾರ ಗಮನಿಸಿದೆ: ಅವಳು ಕೈಯೆತ್ತುವುದನ್ನು ಬಿಟ್ಟಿದ್ದಳು. ಅದು ನನಗೆ ಕಾಣಲು ಒಂದು ಬಾಣಲೆ ಅನ್ನ ಕೆಡಬೇಕಾಯಿತು.

ಕಾಲೇಜಿನ ಗ್ರಂಥಾಲಯದಲ್ಲಿ ಆಹಾರ ವಿಜ್ಞಾನದ ಪುಸ್ತಕ ತೆಗೆದು ಓದಿದೆ. ಅಕ್ಕಿಯಲ್ಲಿರುವುದು ಹೆಚ್ಚಾಗಿ ಪಿಷ್ಟ. ಅದರಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆ. ನೀರಿನಲ್ಲಿ ಬೇಯುವಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಒಳಗಿನ ಒಪ್ಪವಾದ ಜೋಡಣೆ ಸಡಿಲವಾಗುತ್ತದೆ, ಸ್ವಲ್ಪ ಪಿಷ್ಟ ಹೊರಬಂದು ಅಗುಳಿನ ಮೇಲೆ ಅಂಟಾಗಿ ನಿಲ್ಲುತ್ತದೆ. ಅನ್ನ ತಣಿದಾಗ ಆ ಸಡಿಲವಾದ ಸರಪಳಿಗಳಲ್ಲಿ ಒಂದಷ್ಟು ಮತ್ತೆ ಒತ್ತಾಗಿ ಜೋಡಿಸಿಕೊಳ್ಳುತ್ತವೆ. ಅಗುಳು ಗಟ್ಟಿಯಾಗುತ್ತದೆ, ಮೇಲ್ಮೈ ಒಣಗುತ್ತದೆ. ತಣ್ಣನೆಯ ಅನ್ನವನ್ನು ಮತ್ತೆ ಬಿಸಿ ಮಾಡಿದರೆ ಈ ಗಟ್ಟಿತನ ಬಹುಮಟ್ಟಿಗೆ ಇಳಿಯುತ್ತದೆ. ಅಂದರೆ ಅನ್ನ ಮತ್ತೆ ಅಕ್ಕಿಯಾಗುವುದಿಲ್ಲ ಎಂಬ ನನ್ನ ಮಾತು ನಿಜವಾದರೂ, ಅನ್ನ ಬದಲಾಗುತ್ತದೆ ಎಂಬ ಅವಳ ಮಾತೂ ಅಷ್ಟೇ ನಿಜ. ನಾನು ಕೇಳಿದ್ದು “ಬದಲಾಗುತ್ತದೆಯೇ” ಎಂದು. ಆ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವಳು ಅವಳೊಬ್ಬಳೇ.

ಮುಂದಿನ ಶನಿವಾರ ರಾತ್ರಿ ಮತ್ತೆ ಪ್ರಯತ್ನಿಸಿದೆ. ಈ ಸಲ ಮೂವರಿಗೆ 1 ಲೋಟ ಅಕ್ಕಿ, ಒಂದೂವರೆ ಲೋಟ ನೀರು. ಬೆಂದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಂದು ಚಮಚ ಎಣ್ಣೆ ಸವರಿ ಫ್ಯಾನಿನ ಕೆಳಗಿಟ್ಟೆ. ಹಬೆ ನಿಂತು ತಣಿದ ಮೇಲೆ, ಒಂದು ಗಂಟೆಯೊಳಗೆ, ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ. ಭಾನುವಾರ ಅನಾನಸ್ ಹೋಳುಗಳ ರಸ ಬಸಿದು, ಮೊದಲು ಅವನ್ನೇ ದೊಡ್ಡ ಉರಿಯಲ್ಲಿ ಅಂಚು ಕಂದು ಬಣ್ಣಕ್ಕೆ ಬರುವವರೆಗೆ ಹುರಿದು ತೆಗೆದಿಟ್ಟೆ. ಕೊಬ್ಬರಿ ಎಣ್ಣೆಯಲ್ಲಿ ಗೋಡಂಬಿ ಹುರಿದು ತೆಗೆದೆ. ಅದೇ ಎಣ್ಣೆಗೆ ಶುಂಠಿ, ಹಸಿಮೆಣಸು, ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಚಿಟಿಕೆ ಅರಿಸಿನ. ಅನ್ನವನ್ನು ಬೆರಳಲ್ಲಿ ಬಿಡಿಸಿ ಎರಡು ಕಂತಿನಲ್ಲಿ ಹಾಕಿದೆ. ಒಮ್ಮೆಲೇ ಸುರಿದರೆ ಬಾಣಲೆಯ ಬಿಸಿ ಇಳಿದು, ಅನ್ನ ತನ್ನದೇ ನೀರಿನಲ್ಲಿ ಬೇಯುತ್ತದೆ. ಕಡಿಮೆ ಹಾಕಿದರೆ ನೀರು ಕೂಡಲೇ ಆವಿಯಾಗಿ ಹೋಗುತ್ತದೆ, ಅಗುಳು ಹುರಿಯುತ್ತದೆ. ಕೊನೆಯಲ್ಲಿ ಉಪ್ಪು, ಮೆಣಸಿನ ಪುಡಿ, ಹುರಿದ ಕಾಯಿತುರಿ, ಅನಾನಸ್, ಗೋಡಂಬಿ, ಒಲೆ ಆರಿಸಿದ ಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಅಗುಳು ಅಗುಳಾಗಿ ಬಂತು. ಚಪಾತಿ ಪಕ್ಕದಲ್ಲಿ ಒಂದೊಂದು ಬಟ್ಟಲು. ಅಪ್ಪ ಎರಡನೆಯ ಸಲ ಹಾಕಿಸಿಕೊಂಡರು.

ಮರುದಿನದ ಪಾಠಕ್ಕೆ ನಾನು ಎರಡು ಡಬ್ಬಿ ಒಯ್ದೆ. ಒಂದರಲ್ಲಿ ಬೆಳಿಗ್ಗೆ ಮಾಡಿದ ಅನ್ನ, ಇನ್ನೊಂದರಲ್ಲಿ ಫ್ರಿಜ್ಜಿನಲ್ಲಿಟ್ಟಿದ್ದ ಅನ್ನ. ಇದು ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಹೇಳಿ ಗುಂಪುಗಳಿಗೆ ಹಂಚಿದೆ. ಮಕ್ಕಳು ಅಗುಳುಗಳನ್ನು ಬೆರಳ ನಡುವೆ ಒತ್ತಿದರು, ಕಾಗದದ ಮೇಲೆ ಇಟ್ಟು ಅಂಟುತ್ತದೆಯೇ ಎಂದು ನೋಡಿದರು. ಚಿತ್ರಾನ್ನಕ್ಕೆ ಯಾವುದು ಒಳ್ಳೆಯದು ಎಂದು ಕೇಳಿದೆ. ಬಹಳ ಕೈಗಳು ಎದ್ದವು. ಆಗ ಹೇಳಿದೆ: “ಕಳೆದ ವಾರದ ಹಿಂದಿನ ವಾರ ಈ ತರಗತಿಯಲ್ಲಿ ಒಬ್ಬರು ಸರಿಯಾದ ಉತ್ತರ ಹೇಳಿದ್ದರು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ತಪ್ಪು ನನ್ನದು.” ಅವಳ ಹೆಸರು ಹೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವಳು ತಲೆಯೆತ್ತಲಿಲ್ಲ.

ತಂಗಳನ್ನವನ್ನು ಹೊಗಳಿ ಸುಮ್ಮನಾಗುವಂತೆಯೂ ಇರಲಿಲ್ಲ. ಬೆಂದ ಅನ್ನವನ್ನು ಹಾಗೆಯೇ ಹೊರಗೆ ಬೆಚ್ಚಗೆ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಉಳಿಯುತ್ತವೆ. ಅದು ಉಂಟುಮಾಡುವ, ವಾಂತಿ ತರಿಸುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಆದ್ದರಿಂದ ಬೇಗ ತಣಿಸಿ ಫ್ರಿಜ್ಜಿನಲ್ಲಿಡಬೇಕು, ಮರುದಿನವೇ ಬಳಸಬೇಕು ಎಂದು ವಿವರಿಸಿದೆ. ಇದನ್ನು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಬರೆದುಕೊಳ್ಳದೇ ಇದ್ದದ್ದು ಆಮೇಲೆ ಬಂತು. ಮೂರನೆಯ ಬೆಂಚಿನಿಂದ ಸಣ್ಣ ದನಿ: “ಫ್ರಿಜ್ ಇಲ್ಲದವರು ಏನು ಮಾಡಬೇಕು ಸರ್?”

ನನ್ನಲ್ಲಿ ಉತ್ತರ ಇರಲಿಲ್ಲ. ನಾನು ಇಡೀ ಪ್ರಯೋಗವನ್ನು ನಮ್ಮ ಮನೆಯ ಫ್ರಿಜ್ಜಿನ ಮೇಲೆ ಕಟ್ಟಿದ್ದೆ. “ಒಳ್ಳೆಯ ಪ್ರಶ್ನೆ” ಎಂದು ತಪ್ಪಿಸಿಕೊಳ್ಳುವ ದಾರಿ ನಮಗೆಲ್ಲ ಗೊತ್ತು. ಅಂದು ಹಾಗೆ ಮಾಡಲಿಲ್ಲ. “ನನಗೂ ಗೊತ್ತಿಲ್ಲ, ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?” ಎಂದೆ. ಮೊದಲ ದಿನ ನಕ್ಕವರಲ್ಲಿ ಒಬ್ಬ ಎದ್ದು, ತನ್ನಪ್ಪ ಮದುವೆ ಅಡುಗೆಗೆ ಹೋಗುತ್ತಾರೆ, ಅಲ್ಲಿ ಪುಳಿಯೋಗರೆ ಮಾಡುವಾಗ ಅನ್ನವನ್ನು ಬಟ್ಟೆಯ ಮೇಲೆ ಹರಡಿ ಎಣ್ಣೆ ಹಾಕಿ ಆರಿಸಿ, ಅಂದೇ ಕಲಸುತ್ತಾರೆ ಎಂದ. ಸರಿಯಾದ ಮಾತು. ಹರಡಿದಾಗ ಮೇಲ್ಮೈ ವಿಸ್ತೀರ್ಣ ಹೆಚ್ಚುತ್ತದೆ, ಆವಿ ಬೇಗ ಹೋಗುತ್ತದೆ, ಅನ್ನ ಬೇಗ ತಣಿಯುತ್ತದೆ. ರಾತ್ರಿಯಿಡೀ ಇಡುವ ಅಗತ್ಯವಿಲ್ಲ. ಬಾಷ್ಪೀಕರಣದ ಪಾಠ ಅಲ್ಲೇ ಸಿಕ್ಕಿತು. ಅವನು ಹೇಳುವಾಗ ಯಾರೂ ನಗಲಿಲ್ಲ.

ಅಂದು ಮೌಲ್ಯಮಾಪನದ ಕೊನೆಯ ಎರಡು ಪ್ರಶ್ನೆಗಳು ಉಳಿದೇ ಹೋದವು. ವೀಕ್ಷಣಾ ಪುಸ್ತಕದಲ್ಲಿ “ಸಮಯಪಾಲನೆಯ ಕಡೆ ಗಮನವಿರಲಿ” ಎಂಬ ಸಾಲು ಬಂತು. ಅದು ನ್ಯಾಯವಾದ ಟಿಪ್ಪಣಿಯೇ. ಪಾಠದ ನಂತರ ಮಾರ್ಗದರ್ಶಕರಲ್ಲಿ ಆರನೆಯ ಪಾಠದ ಪ್ರಸಂಗವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದು ನಾನೂ ಅಲ್ಲೇ ಕುಳಿತಿದ್ದೆ, ನನಗೂ ಕೇಳಿಸಲಿಲ್ಲ” ಎಂದರು. ನಮ್ಮ ವೀಕ್ಷಣಾ ನಮೂನೆಯಲ್ಲಿ ಶಿಕ್ಷಕರ ಧ್ವನಿಗೆ, ಹಲಗೆ ಬರಹಕ್ಕೆ, ಚಲನವಲನಕ್ಕೆ ಜಾಗವಿದೆ. ಮಗು ಹೇಳಿದ, ನಾವು ಎದುರು ನೋಡಿರದ ಮಾತನ್ನು ಬರೆಯಲು ಒಂದು ಸಾಲೂ ಇಲ್ಲ. ಇದು ದೂರಲ್ಲ. ಸಹಪಾಠಿಗಳು ಪರಸ್ಪರ ಪಾಠ ವೀಕ್ಷಿಸುವಾಗ ಆ ಒಂದು ಸಾಲನ್ನು ನಾವೇ ಸೇರಿಸಿಕೊಳ್ಳಬಹುದು ಎಂಬ ಸೂಚನೆ ಮಾತ್ರ.

ಆ ಶಾಲೆಯಲ್ಲಿ ನನಗೆ ಇನ್ನೂ ಮೂರು ಪಾಠಗಳಿದ್ದವು. ಅವಳು ಅವುಗಳಲ್ಲಿ ಒಂದೇ ಒಂದು ಸಲ ಕೈಯೆತ್ತಿದಳು. ಮೊದಲು ಪ್ರತಿ ಪಾಠದಲ್ಲೂ ಎತ್ತುತ್ತಿದ್ದಳು. ಒಂದು ನಿಮಿಷದಲ್ಲಿ ಕೆಡಿಸಿದ್ದನ್ನು ಒಂದು ಪಾಠದಲ್ಲಿ ಸರಿಮಾಡಲು ಆಗುವುದಿಲ್ಲ. ಅನ್ನವನ್ನಾದರೆ ಮುಂದಿನ ಭಾನುವಾರ ಮತ್ತೆ ಮಾಡಬಹುದು.

ಈಗ ಪಾಠಯೋಜನೆ ಬರೆಯುವಾಗ ನಿರೀಕ್ಷಿತ ಉತ್ತರದ ಕೆಳಗೆ ಎರಡು ಸಾಲು ಖಾಲಿ ಬಿಡುತ್ತೇನೆ. ಪಾಠ ಮುಗಿದ ಮೇಲೆ, ತರಗತಿಯಲ್ಲಿ ನಿಜವಾಗಿ ಕೇಳಿಬಂದದ್ದನ್ನು ಅಲ್ಲಿ ಬರೆಯುತ್ತೇನೆ. ಕೆಲವು ದಿನ ಅದು ಖಾಲಿಯೇ ಉಳಿಯುತ್ತದೆ. ಅಂಥ ದಿನ ಮಕ್ಕಳು ಏನೂ ಹೇಳಲಿಲ್ಲವೋ, ನಾನು ಕೇಳಿಸಿಕೊಳ್ಳಲಿಲ್ಲವೋ ಎಂದು ಯೋಚಿಸುತ್ತೇನೆ.